ಒಂದೊಂದೇ ಎತ್ತಿನ ಎರಡು ಮನೆ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ 'ಇನ್‌ಸ್ಟಿಗೇಟ್' ಎಂಬ ಇಂಗ್ಲಿಷ್ ಪದ ನನಗೆ ಗೊತ್ತಿರಲಿಲ್ಲ. ಆ ಕೆಲಸ ಮಾತ್ರ ಚೆನ್ನಾಗಿ ಬರುತ್ತಿತ್ತು. ಮೊನ್ನೆ ನೀವು ಅದರ ಅರ್ಥ ಕೇಳಿದಿರಿ. ಕೆರಳಿಸು, ಎತ್ತಿಕಟ್ಟು, ಕುಮ್ಮಕ್ಕು ಕೊಡು, ಹಚ್ಚಿಕೊಡು ಎಂದು ಬರೆಸಿದೆ. ಹಚ್ಚಿಕೊಡುವುದು ಅಂದರೇನು ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಾಗ ಮಾತು ಬದಲಿಸಿದೆ. ಈಗ ಹೇಳುತ್ತೇನೆ.

ಆಗ ನಮ್ಮೂರು ಮುದನಾಳದಲ್ಲಿ ನಮಗಿದ್ದದ್ದು ಒಂದೇ ಎತ್ತು. ಪಕ್ಕದ ಮನೆಯ ಕಾಕಾನಿಗೂ ಒಂದೇ. ಎರಡನ್ನೂ ಒಂದೇ ನೊಗಕ್ಕೆ ಹೂಡಿ, ಒಂದು ದಿನ ಅವರ ಹೊಲ, ಮರುದಿನ ನಮ್ಮದು ಎಂದು ಬಿತ್ತುತ್ತಿದ್ದರು. ನಮ್ಮ ಎತ್ತು ಯಾವಾಗಲೂ ಬಲಕ್ಕೆ, ಅವರದು ಎಡಕ್ಕೆ.

ಆ ವರ್ಷ ಮಳೆ ಬಿದ್ದು ಕರಿಮಣ್ಣು ಹದಕ್ಕೆ ಬಂದಿತ್ತು. ಕಾಲಿಟ್ಟರೆ ಬೆರಳ ಸಂದಿಯಲ್ಲಿ ತಣ್ಣಗೆ ಮೆತ್ತಿಕೊಳ್ಳುತ್ತಿತ್ತು. ಬಿತ್ತುವ ಮುಂಚೆ ಮಣ್ಣು ಸಮ ಮಾಡಲು ಕುಂಟೆ ಹೊಡೆಯುವಾಗ ಭಾರಕ್ಕೆಂದು ಅದರ ಮೇಲೆ ಮಕ್ಕಳನ್ನು ಕೂರಿಸುತ್ತಿದ್ದರು. ನಾನು ಓಡಿಹೋಗಿ ಕುಳಿತೆ.

"ಇಳಿಯೋ ಕಡ್ಡಿ ಪೈಲ್ವಾನ! ನೀ ಕುಂತ್ರ ಗಾಳಿ ಕುಂತಂಗ ಆಗ್ತದ. ನಿಮ್ಮ ಅಕ್ಕನ್ನ ಕರಿ ಹೋಗು," ಎಂದ ಕಾಕಾ. ಹೊಲದಲ್ಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ನನ್ನ ಕಿವಿ ಬಿಸಿಯಾದವು.

ಸಂಜೆ ಅಪ್ಪನ ಬಳಿ ಹೋದೆ. "ನೀ ಇಲ್ಲದಾಗ ಕಾಕಾ ನಮ್ಮ ಎತ್ತಿಗೇ ಬಾರಕೋಲಿಲೆ ಹೊಡೀತಾನ. ತನ್ನದಕ್ಕ ಮುಟ್ಟಂಗಿಲ್ಲ," ಎಂದೆ. ಎತ್ತಿನ ಬೆನ್ನಿಗೆ ಜಾಲಿಮುಳ್ಳು ಗೀರಿದ್ದ ಗಾಯವನ್ನೇ ಸಾಕ್ಷಿಯಾಗಿ ತೋರಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಕಾಕಾನ ಅಂಗಳಕ್ಕೂ ಹೋಗಿ, "ನಿನ್ನ ಎತ್ತು ಮುದಿ ಆಗ್ಯಾದ, ನಮ್ಮದೇ ಎಲ್ಲಾ ಎಳೀತದ ಅಂತ ಅಪ್ಪ ಅಂದಾನ," ಎಂದೆ.

ಮರುದಿನ ಬೆಳಿಗ್ಗೆ ಹೊಲದಲ್ಲಿ ಅಪ್ಪ ಬಾಯಿ ತೆರೆದ. "ಮೂಕ ಪ್ರಾಣಿಗಿ ಹೊಡಿಯಾಕ ನಾಚಿಕಿ ಬರಂಗಿಲ್ಲೇನ್?"

"ನಾಚಿಕಿ ನಿನಗ ಬರಬೇಕು! ನನ್ನ ಎತ್ತು ಮುದಿ ಏನು? ಹಂಗಾದ್ರ ನಿಂದೊಂದೇ ಹೂಡ್ಕೊಂಡು ಬಿತ್ತು, ನೋಡ್ತೀನಿ," ಎಂದ ಕಾಕಾ, ನೊಗದ ಹಗ್ಗ ಬಿಚ್ಚಿ ತನ್ನ ಎತ್ತನ್ನು ಹೊಡೆದುಕೊಂಡು ಹೊರಟೇಹೋದ.

ಅಕ್ಕ ನನ್ನ ಮುಖವನ್ನೇ ನೋಡಿದಳು. "ನೀ ಏನರ ಹೇಳಿದೇನೋ?"

ಇಲ್ಲವೆಂದು ತಲೆಯಾಡಿಸಿದೆ.

ಒಂಟಿ ಎತ್ತಿನಿಂದ ಬಿತ್ತನೆ ಆಗದು. ಬೇರೆಯವರು ತಮ್ಮ ಎತ್ತು ಕೊಡುವ ಹೊತ್ತಿಗೆ ಹದ ಆರಿ ಮಣ್ಣು ಬಿರುಕು ಬಿಟ್ಟಿತ್ತು. ಎರಡೂ ಮನೆಯ ಹೊಲ ಆ ವರ್ಷ ಬೀಳುಬಿತ್ತು. ಕಾಕಾ ತನ್ನ ಎತ್ತನ್ನು ಶಹಾಪುರದ ಸಂತೆಯಲ್ಲಿ ಮಾರಿ ಕೂಲಿಗೆ ಹೋಗತೊಡಗಿದ. ನಮ್ಮ ಎತ್ತು ಬಹಳ ದಿನ ಎಡಕ್ಕೆ ಜಾಗ ಬಿಟ್ಟೇ ನಡೆಯುತ್ತಿತ್ತು. ಅದನ್ನು ಕಂಡಾಗಲೆಲ್ಲ ಅಪ್ಪ ಮುಖ ತಿರುಗಿಸುತ್ತಿದ್ದ.

ಈಗ ಆ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತದೆ. ಬಿತ್ತಲು ಯಾರಿಗೂ ಪಕ್ಕದ ಮನೆಯವರು ಬೇಕಾಗಿಲ್ಲ. ನೀವು ಜಗಳವಾಡಿದರೆ ಊಟದ ಹೊತ್ತಿಗೆ ಫೋನಿನಲ್ಲಿ 'ಸಾರಿ' ಎಂದು ಕಳಿಸಿಬಿಡುತ್ತೀರಿ. ಅದೂ ಒಂದು ಕ್ಷಮೆ ಕೇಳುವ ರೀತಿಯೇ ಎಂದು ನಾನು ನಗುತ್ತಿದ್ದೆ. ಇನ್ನು ನಗುವುದಿಲ್ಲ. ನನಗೆ ಅಷ್ಟೂ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕಾಕಾ ತೀರಿಕೊಂಡಾಗ ಅಪ್ಪ ಹೆಗಲು ಕೊಡಲು ಹೋಗಲಿಲ್ಲ. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ದೂರವಾಗುವವರೆಗೂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ, ಮಕ್ಕಳೇ. ಆಗಲೂ ನಿಜ ಹೇಳಲಿಲ್ಲ.