ನಮ್ಮ ಜರ್ಮನ್ ಕೋಚ್‌ನ ಕಣ್ಣುಗಳು

ಬಂಟ್ವಾಳದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೂ ನಾನು ಫುಟ್‌ಬಾಲ್ ಬಿಟ್ಟವನಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮೂಡಬಿದಿರೆಗೆ ಹೋಗುವ ದಾರಿಯಲ್ಲಿರುವ ಮೈದಾನಕ್ಕೆ ಹೊರಡುತ್ತಿದ್ದೆ. ತಂಡದ ಗೋಲ್‌ಕೀಪರ್ ನಾನು. ಬೇರೆ ಯಾರಿಗೂ ಬೇಡವಾಗಿದ್ದ ಜಾಗ, ಹಾಗಾಗಿ ನನಗೆ ಸಿಕ್ಕಿತ್ತು.

ಮುಂದೆ ನಮ್ಮ ಕೋಚ್ ಆದ ಜರ್ಮನ್ ವ್ಯಕ್ತಿ ಒಂದು ಭಾನುವಾರ ಬಸ್ಸಿನ ಕಿಟಕಿಯಿಂದ ನಮ್ಮ ಆಟ ಕಂಡು ಅಲ್ಲೇ ಇಳಿದುಬಿಟ್ಟರು. ಅವರ ಹೆಂಡತಿ ಮೂಡಬಿದಿರೆಯಲ್ಲಿ ಹಳೆಯ ತಾಳೆಗರಿಗಳನ್ನು ಓದಲು ಬಂದವರು; ಎರಡು ವರ್ಷದ ಕೆಲಸ. ಇವರಿಗೆ ಇಲ್ಲಿ ಮಾಡಲು ಏನೂ ಇರಲಿಲ್ಲ. ಐವತ್ತರ ಹತ್ತಿರದ ಎತ್ತರದ ಮನುಷ್ಯ. ಬಂದವರೇ ಇಂಗ್ಲಿಷಿನಲ್ಲಿ "ಗೋಲ್‌ಕೀಪರ್ ಯಾರು?" ಎಂದು ಕೇಳಿದರು. ನಾನು ಕೈ ಎತ್ತಿದೆ. "ನಿಮ್ಮ ಕೈಗಳು ಚೆನ್ನಾಗಿವೆ. ಕಾಲುಗಳು ನಿದ್ದೆ ಮಾಡುತ್ತಿವೆ" ಎಂದರು. ಹುಡುಗರೆಲ್ಲ ನಕ್ಕರು.

ಮುಂದಿನ ವಾರದಿಂದ ಅವರೇ ನಮ್ಮ ಕೋಚ್. ತಮ್ಮ ಊರಿನ ಸಣ್ಣ ಕ್ಲಬ್ಬಿನಲ್ಲಿ ಹತ್ತು ವರ್ಷದವರಿದ್ದಾಗಿನಿಂದ ಗೋಲು ಕಾದವರಂತೆ. ಆಟದಿಂದ ಹೊಟ್ಟೆ ಹೊರೆದವರಲ್ಲ. ವಾರವಿಡೀ ಮನೆಗಳ ಮಾಡಿನ ಹೆಂಚು ರಿಪೇರಿ, ಭಾನುವಾರ ಆಟ. ನಲವತ್ತಾಗುವ ಮೊದಲೇ ಆಡುವುದನ್ನು ಬಿಟ್ಟು ಊರಿನ ಮಕ್ಕಳಿಗೆ ಕಲಿಸತೊಡಗಿದರಂತೆ. ಯಾಕೆ ಬಿಟ್ಟರೆಂದು ಕೇಳಿದರೆ "ವಯಸ್ಸಾಯಿತು" ಎನ್ನುತ್ತಿದ್ದರು. ನನಗೆ ನಲವತ್ತೊಂದು ಕಳೆದಿತ್ತು. ಇನ್ನೂ ಆಡುತ್ತಿದ್ದ ನಾನು ಆ ಮಾತನ್ನು ನಂಬಿರಲಿಲ್ಲ.

ಒಂದು ಬುಧವಾರ ಓದುವ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ನನ್ನ ಅಂಗಡಿಗೆ ಬಂದರು. ಒಳಗೆ ಕಾಲಿಡುತ್ತಲೇ ಸ್ಟೂಲಿಗೆ ಎಡವಿದರು. ಸ್ಟೂಲು ಇದ್ದದ್ದು ಹಗಲು ಬೆಳಕಿನಲ್ಲಿ, ಬಾಗಿಲ ಪಕ್ಕದಲ್ಲೇ. ಅಭ್ಯಾಸಬಲದಿಂದ "ಒಮ್ಮೆ ಕೂತುಕೊಳ್ಳಿ, ಕಣ್ಣು ನೋಡುವ" ಎಂದೆ. ಗೋಡೆಯ ಚಾರ್ಟಿನ ಕೊನೆಯ ಸಾಲನ್ನೂ ತಡವರಿಸದೆ ಓದಿದರು. ನನಗೆ ಸಮಾಧಾನವಾಗಲಿಲ್ಲ. ನನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಎರಡೂ ಕಡೆಯಿಂದ ಬೆರಳು ಆಡಿಸುತ್ತ ನಿಧಾನವಾಗಿ ನಡುವಿಗೆ ತಂದೆ.

"ಕಂಡ ಕೂಡಲೇ ಹೇಳಿ."

ಬೆರಳುಗಳು ನನ್ನ ಕೆನ್ನೆಯ ಹತ್ತಿರ ಬರುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ "ಈಗ" ಎಂದರು.

ಕೊಳವೆಯೊಳಗಿಂದ ನೋಡಿದಂತೆ ನೇರಕ್ಕೆ ಇದ್ದದ್ದಷ್ಟೇ ಅವರಿಗೆ ಕಾಣುತ್ತಿತ್ತು. ಅಂಚುಗಳೆಲ್ಲ ಹೋಗಿದ್ದವು. ನಾನು ಏನು ಹೇಳಲೆಂದು ಯೋಚಿಸುತ್ತಿದ್ದಾಗ ಅವರೇ ಹೇಳಿದರು: "ಒಂದೇ ಆಟದಲ್ಲಿ ಪಕ್ಕದಿಂದ ಬಂದ ಮೂರು ಗೋಲು ಬಿಟ್ಟೆ. ಆಮೇಲೆ ಡಾಕ್ಟರು ಹೇಳಿದರು. ಮದ್ದಿಲ್ಲ. ಮಾಡು ಹತ್ತುವುದೂ ನಿಂತಿತು." ಮತ್ತೆ, "ಹುಡುಗರಿಗೆ ಹೇಳಬೇಡಿ. ಕಣ್ಣಿಲ್ಲದ ಕೋಚ್‌ನ ಮಾತನ್ನು ಯಾರು ಕೇಳುತ್ತಾರೆ?" ಎಂದರು.

ಹೇಳುವುದಿಲ್ಲವೆಂದು ಒಪ್ಪಿಕೊಂಡೆ. ಕನ್ನಡಕ ಮಾರುವವನಾಗಿ ನಾನು ಅವರಿಗೆ ಕೊಡಬಹುದಾಗಿದ್ದದ್ದು ಅದೊಂದೇ ಎಂದು ಆಗ ಅನಿಸಿತ್ತು.

ಅಲ್ಲಿಂದ ಅಭ್ಯಾಸದ ದಿನಗಳಲ್ಲಿ ನಾನು ಅವರ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಚೆಂಡು ಬದಿಯಿಂದ ಬಂದರೆ ಮೆಲ್ಲನೆ ತೋಳು ಹಿಡಿದು ಹಿಂದೆ ಸರಿಸುತ್ತಿದ್ದೆ. ಬೆಳಕು ಕಂತುವ ಮೊದಲೇ ಬಸ್ಸು ಹತ್ತಿಸುತ್ತಿದ್ದೆ. ಆದರೆ ಪಂದ್ಯದ ದಿನ ನಾನು ಗೋಲಿನಲ್ಲಿರಬೇಕಲ್ಲ!

ಬೆಳ್ತಂಗಡಿಯಲ್ಲಿ ಪಂದ್ಯವಿತ್ತು. ನಮ್ಮ ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವನು ಚಾರ್ಮಾಡಿ ಕಡೆಯ ಒಬ್ಬ ರಿಕ್ಷಾ ಚಾಲಕ. ದ್ವಿತೀಯಾರ್ಧದಲ್ಲಿ ಅವನು ಚೆಂಡು ಹಿಡಿದು ಗೆರೆಯ ಉದ್ದಕ್ಕೂ ಓಡಿದ. ಕೋಚ್ ಆ ಗೆರೆಯ ಮೇಲೆಯೇ ಇದ್ದರು. ಅವರ ಮುಖ ಮೈದಾನದ ಆಚೆ ಬದಿಗಿತ್ತು; ಅವನು ಬರುತ್ತಿದ್ದದ್ದು ಪಕ್ಕದಿಂದ. ಯಾರಿಗೋ ಕೈ ಬೀಸುತ್ತ ಎರಡು ಹೆಜ್ಜೆ ಒಳಗೆ ಬಂದರು. ನನ್ನ ಗೋಲಿನಿಂದ ಇಬ್ಬರೂ ಕಾಣುತ್ತಿದ್ದರು. ಕೂಗಿದೆ. ಓಡಿದೆ ಕೂಡ. ಅರ್ಧ ಮೈದಾನದಷ್ಟು ದೂರ, ಸುತ್ತ ಜನರ ಬೊಬ್ಬೆ. ಅವರಿಬ್ಬರೂ ಡಿಕ್ಕಿಯಾಗಿ ಬಿದ್ದರು. ಕೋಚ್ ಎದ್ದು ನಿಂತರು. ಅವನು ಏಳಲಿಲ್ಲ.

"ನಾನು ನೋಡಲಿಲ್ಲ, ನಾನು ನೋಡಲಿಲ್ಲ" ಎನ್ನುತ್ತ ಕೋಚ್ ಮಣ್ಣಿನಲ್ಲಿ ಮಂಡಿಯೂರಿದರು. ಹುಡುಗರು ಅವರನ್ನೇ ಸಮಾಧಾನ ಮಾಡಿದರು. "ಗಡಿಬಿಡಿಯಲ್ಲಿ ಆಯ್ತು ಸರ್, ಬಿಡಿ." ಬಿದ್ದವನೂ ಹಲ್ಲು ಕಚ್ಚಿಕೊಂಡು ಅದನ್ನೇ ಹೇಳಿದ.

ಅವನಿಗೆ ಪೆಟ್ಟಾದದ್ದು ಬಲಗಾಲಿನ ಮಂಡಿಗೆ. ಆಪರೇಷನ್ ಆಯಿತು. ನಡೆಯಲು ತೊಂದರೆಯಿಲ್ಲ, ಆಟ ಮಾತ್ರ ಬಿಡಬೇಕೆಂದರು ಡಾಕ್ಟರು. ಬ್ರೇಕ್ ತುಳಿಯುವ ಕಾಲು ಅದು. ಕೊನೆಗೆ ರಿಕ್ಷಾವನ್ನೂ ಬಿಟ್ಟ. ಈಗ ಭಾವನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ.

ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕೋಚ್ ನನ್ನ ಕೈ ಹಿಡಿದು "ಈಗಲೇ ಹೋಗಿ ಅವನಿಗೆ ಹೇಳುತ್ತೇನೆ" ಎಂದಿದ್ದರು. ನಾನೇ ತಡೆದೆ. "ಈಗ ಬೇಡ. ನೋವಿನಲ್ಲಿದ್ದಾನೆ." ಆ 'ಈಗ' ಮುಗಿಯಲೇ ಇಲ್ಲ. ಅವರ ಹೆಂಡತಿಯ ಕೆಲಸ ಮುಗಿಯಿತು, ಅವರಿಬ್ಬರೂ ಹೊರಟುಹೋದರು.

ಕೆಲವು ತಿಂಗಳ ಹಿಂದೆ ಆ ರಿಕ್ಷಾದವನು ತನ್ನ ತಾಯಿಗೆ ಕನ್ನಡಕ ಮಾಡಿಸಲು ಅಂಗಡಿಗೆ ಬಂದ. ತಾಯಿ ಫ್ರೇಮ್ ನೋಡುತ್ತಿದ್ದಾಗ ತಗ್ಗಿದ ದನಿಯಲ್ಲಿ ಕೇಳಿದ:

"ಭಾಯ್, ಒಂದು ಕೇಳ್ತೇನೆ. ಕೋಚ್‌ಗೆ ಕಣ್ಣು ಸರಿ ಇರ್ಲಿಲ್ಲ ಅಲ್ವಾ? ಆಸ್ಪತ್ರೆಗೆ ನೋಡ್ಲಿಕ್ಕೆ ಬಂದಾಗ ನಾನು ಪಕ್ಕದಿಂದ ಕೈ ಕೊಟ್ಟೆ. ಅವರಿಗೆ ಕಾಣಲೇ ಇಲ್ಲ."

"ಹೌದು."

"ನಿಮಗೆ ಮೊದಲೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಎಂದೆ.

ಅವನು ಸಿಟ್ಟಾಗಲಿಲ್ಲ. ತಾಯಿಯ ಕಡೆಗೊಮ್ಮೆ ನೋಡಿ ಹೇಳಿದ: "ನಮಗೆ ಹೇಳಿದ್ರೆ ಒಂದು ಕುರ್ಚಿ ಹಾಕಿ ಗೆರೆಯಿಂದ ದೂರ ಕೂರಿಸ್ತಿದ್ದೆವು ಮಾರಾಯ್ರೆ. ಅಷ್ಟೇ ಅಲ್ವಾ? ಅವರ ಮಾತು ನಾವು ಕೇಳದೆ ಇರ್ತಿದ್ದೆವಾ?"

ಅವನ ತಾಯಿ ಆರಿಸಿದ ಫ್ರೇಮನ್ನು ಒರೆಸುತ್ತ ನಿಂತೆ. ಅವನು ತಾಯಿಯ ಕೈ ಹಿಡಿದು ಮೆಟ್ಟಿಲನ್ನು ಒಂದೊಂದಾಗಿ ಇಳಿದ.

ಕೋಚ್ ಆಗಾಗ ಫೋನ್ ಮಾಡುತ್ತಾರೆ. ಕಳೆದ ಸಲ, ಅವನಿಗೆ ಎಲ್ಲ ಹೇಳಿದೆ ಎಂದೆ.

"ಅವನು ಏನು ಹೇಳಿದ?"

ಕುರ್ಚಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಏನೂ ಹೇಳಲಿಲ್ಲ" ಎಂದೆ.