ಎಲೆಯಲ್ಲಿ ಕಂಡ ಅಜ್ಜಿ, ಕಾಯಿ ತೋರಿದ ದಿಕ್ಕು

ದೊಡ್ಡಮ್ಮನ ಅಂಗೈ ಮೇಲಿದ್ದ ತೆಂಗಿನಕಾಯಿ ಅಂದು ನಿಜಕ್ಕೂ ತಿರುಗಿತೋ ಇಲ್ಲವೋ, ನನಗೆ ಗೊತ್ತಿಲ್ಲ. ತಿರುಗಿದ್ದನ್ನು ಕಂಡ ನೆನಪಿದೆ. ಆದರೆ ಅದೇ ನೆನಪಿನ ಅಂಗಳದಲ್ಲಿ ತುಂತುರು ಮಳೆಯೂ ಬೀಳುತ್ತಿದೆ. ಅಂದು ಒಂದು ಹನಿಯೂ ಬೀಳಲಿಲ್ಲ, ಕಾರಿನೊಳಗೆ ಬೆಂದುಹೋದೆವು ಎನ್ನುತ್ತಾಳೆ ಅಮ್ಮ. ಬರದ ಮಳೆಯನ್ನು ತಂದು ಸುರಿಸಿದ ನೆನಪಿಗೆ ಒಂದು ಕಾಯಿ ತಿರುಗಿಸುವುದು ಕಷ್ಟವೇ? ಹಾಗಾಗಿ ಇದರಲ್ಲಿ ಎಷ್ಟು ಕಂಡದ್ದು, ಎಷ್ಟು ಆಮೇಲೆ ಕೇಳಿ ಸೇರಿಸಿಕೊಂಡದ್ದು ಎಂದು ಬೇರ್ಪಡಿಸಲು ನನ್ನಿಂದ ಆಗಿಲ್ಲ.

ಅಮ್ಮ ಇರುವುದು ಚನ್ನಗಿರಿಯಲ್ಲಿ. ಕಳೆದುಹೋದದ್ದನ್ನು ಹುಡುಕಿಕೊಡುವುದು ಅವಳ ವಿದ್ಯೆ. ವೀಳ್ಯದೆಲೆಗೆ ಕಾಡಿಗೆ ಸವರಿ, ದೀಪದ ಮುಂದೆ ಹಿಡಿದು, ಅದರ ಹೊಳಪಿನೊಳಗೆ ನೋಡುತ್ತಾಳೆ. ಹಿಂದೆ ಎಮ್ಮೆ, ಮೂಗುಬೊಟ್ಟು ಕಳೆದುಕೊಂಡವರು ಬರುತ್ತಿದ್ದರು. ಈಗ ಮೊಬೈಲು, ಸ್ಕೂಟರಿನ ಕೀಲಿ ಕಳೆದುಕೊಂಡವರು. ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಇರುವುದು ಹೊನ್ನಾಳಿಯಲ್ಲಿ. ಅವಳದು ತೆಂಗಿನಕಾಯಿ. ಬೋರ್‌ವೆಲ್ ಕೊರೆಸುವವರು ಅವಳನ್ನು ಹೊಲಕ್ಕೆ ಕರೆದೊಯ್ಯುತ್ತಾರೆ. ಅಂಗೈ ಮೇಲೆ ಮಲಗಿಸಿದ ಕಾಯಿ ನೀರಿದ್ದಲ್ಲಿ ಎದ್ದು ನಿಲ್ಲುತ್ತದಂತೆ. ಮನುಷ್ಯರನ್ನು ನೆನೆದರೆ ಅವರಿರುವ ದಿಕ್ಕಿಗೆ ಜುಟ್ಟು ತಿರುಗಿಸುತ್ತದಂತೆ. ಎರಡೂ ವಿದ್ಯೆ ಮೂಲದಲ್ಲಿ ಅಜ್ಜಿಯವು. 'ದೊಡ್ಡೋಳಿಗೊಂದು, ಸಣ್ಣೋಳಿಗೊಂದು ಕೊಟ್ಟುಬಿಟ್ಟೆ, ನನ್ನ ಹತ್ರ ಈಗ ಬರೀ ಬಿಪಿ ಐತೆ' ಎನ್ನುವುದು ಅಜ್ಜಿಯ ಹಳೆಯ ಹಾಸ್ಯ.

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಕೈಯ ಸ್ನಾಯುಗಳು ನಮಗೇ ತಿಳಿಯದಂತೆ ಕಾಯಿಯನ್ನು ಅಲುಗಿಸುತ್ತವೆ ಎಂದು ದೊಡ್ಡಮ್ಮನಿಗೆ ಒಮ್ಮೆ ವಿವರಿಸಿದ್ದೆ. ಅವಳು ಪೂರ್ತಿ ಕೇಳಿ, 'ಹಂಗಾರೆ ನಿನ್ನ ಸ್ನಾಯುಗೂ ಒಂಚೂರು ನೀರು ಹುಡುಕಾಕೆ ಹೇಳಪ್ಪಾ' ಎಂದಿದ್ದಳು.

ಅಕ್ಕತಂಗಿಯರು ಮಾತು ಬಿಟ್ಟದ್ದು ಒಂದು ಎಮ್ಮೆಯಿಂದ. ನಾನು ಕಾಲೇಜಿನಲ್ಲಿದ್ದಾಗ ದೊಡ್ಡಮ್ಮನ ಎಮ್ಮೆ ಕಾಣೆಯಾಯಿತು. ಅಮ್ಮ ಎಲೆಯಲ್ಲಿ ನೋಡಿ, ಅದು ದೊಡ್ಡಮ್ಮನ ಭಾವನ ಕೊಟ್ಟಿಗೆಯಲ್ಲೇ ಇದೆ ಎಂದಳು, ಅದೂ ಆ ಭಾವನ ಎದುರಿಗೇ. ದೊಡ್ಡಮ್ಮನ ಗಂಡನ ಮನೆಯವರು ಉರಿದುಬಿದ್ದರು. ಕೆಲವು ದಿನ ಬಿಟ್ಟು ಎಮ್ಮೆ ತಾನಾಗಿ ಬಂತು, ಕೊರಳಲ್ಲಿ ಯಾರದ್ದೋ ಹಗ್ಗದೊಂದಿಗೆ. ಆ ಹಗ್ಗ ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಅಂದಿನಿಂದ ಇವಳು ಅವಳ ಹೊಸಿಲು ತುಳಿದಿರಲಿಲ್ಲ, ಅವಳು ಇವಳ ಹೆಸರೆತ್ತಿರಲಿಲ್ಲ.

ನಡುವೆ ಉಳಿದವಳು ಅಜ್ಜಿ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಚನ್ನಗಿರಿ, ಆಮೇಲೆ ಹೊನ್ನಾಳಿ. ಪಾಳಿ ಮುಗಿದ ಮಗಳು ಅವಳನ್ನು ಬಸ್ಸು ಹತ್ತಿಸಿ ಕಂಡಕ್ಟರಿಗೆ ಹೇಳಿ ಕಳಿಸುತ್ತಿದ್ದಳು. ತಲುಪಿದಳೇ ಎಂದು ಫೋನು ಮಾಡಿ ಕೇಳುವ ಪದ್ಧತಿಯೇ ಇರಲಿಲ್ಲ. ಅಮ್ಮ ಎಲೆ ನೋಡುತ್ತಿದ್ದಳು. ದೊಡ್ಡಮ್ಮ ಕಾಯಿ ಹಿಡಿಯುತ್ತಿದ್ದಳು.

ಆ ಭಾನುವಾರ ದಾವಣಗೆರೆಯ ಮನೆಯಲ್ಲಿ ಕೂರಲಾಗದೆ ಹೊರಟುಬಿಟ್ಟೆ. ರಜೆಯ ದಿನ ಒಂದು ಕಡೆ ಕೂರುವುದು ನನ್ನಿಂದಾಗದು. ಸೂಳೆಕೆರೆಯ ಏರಿ ದಾಟುವವರೆಗೂ ಅಮ್ಮನ ಮನೆಗೆ ಹೋಗುತ್ತೇನೆಂದು ನನಗೇ ಖಚಿತವಿರಲಿಲ್ಲ. ತಿಂಡಿ ತಿನ್ನುತ್ತಾ ಅಮ್ಮನನ್ನು ಕೇಳಿದೆ.

'ಅಜ್ಜಿ ಈ ಸಲ ಎಲ್ಲಿ?'

'ಹೊನ್ನಾಳೀಲಿ. ಬಸ್ ಹತ್ತಿಸಿ ವಾರದ ಮೇಲಾತು.'

ಸುಮ್ಮನೆ ಮಾತಾಡಿಸೋಣವೆಂದು ದೊಡ್ಡಮ್ಮನಿಗೆ ಫೋನು ಹಚ್ಚಿದೆ. 'ಅಜ್ಜಿಗೆ ಕೊಡ್ರಿ ದೊಡ್ಡಮ್ಮಾ' ಎಂದೆ.

'ಏನು ಚಾಷ್ಟಿನಾ? ನಿಮ್ಮಮ್ಮ ಕಳಿಸಿದ್ರೆ ತಾನೆ ಕೊಡೋದು! ನನ್ನ ಪಾಳಿನೂ ತಾನೇ ಇಟ್ಕಂಡು ಕುಂತಾಳೆ. ನಾನೂ ಎಷ್ಟು ದಿನ ಇಟ್ಕೊಂತಾಳೆ ನೋಡಾನ ಅಂತ ಸುಮ್ನಿದೀನಿ.'

ನಾನು ಅಮ್ಮನ ಮುಖ ನೋಡಿದೆ. ಅವಳಿಗೆ ಫೋನಿನ ದನಿ ಕೇಳಿಸಿತ್ತು. ಕೈಯಲ್ಲಿದ್ದ ಚಟ್ನಿಯ ಸೌಟು ಹಾಗೇ ನಿಂತಿತು.

'ನಾನು ಎಲೇಲಿ ನೋಡಿದ್ನಲ್ಲೋ,' ಎಂದಳು ಮೆಲ್ಲಗೆ. 'ಮಂಚದ ಮ್ಯಾಲೆ ಕುಂತು ನಗ್ತಿದ್ಲು.'

'ಯಾರ ಮನೆ ಮಂಚ?'

'ಮನೆ ಯಾಕೆ ನೋಡ್ಲಿ? ಅವಳ ಮನೆ ಕಣ್ಣಲ್ಲಿ ನೋಡಲ್ಲ ಅಂತ ಆಣೆ ಮಾಡೀನಿ. ಅವ್ವನ ಮುಖ ಒಂದು ನೋಡಿ ಎಲೆ ಮಡಚಿಟ್ಟೆ.'

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಿಂದಿನ ಸಲ ಅಜ್ಜಿ ಬಸ್ಸಿನಲ್ಲಿ ನಿದ್ದೆ ಹೋಗಿ ಇಳಿಯುವ ಊರು ದಾಟಿ ಹೋಗಿದ್ದಳು. ಅವಳ ಮೊಬೈಲು ಇಲ್ಲೇ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಒಂದು ವಾರದಿಂದ ಒಬ್ಬ ಮುದುಕಿ ಎಲ್ಲಿದ್ದಾಳೆಂದು ಭೂಮಿಯ ಮೇಲೆ ಯಾರಿಗೂ ತಿಳಿದಿಲ್ಲ. ಅವಳ ಇಬ್ಬರು ಮಕ್ಕಳೂ ತಮಗೆ ತಿಳಿದಿದೆ ಎಂದೇ ನೆಮ್ಮದಿಯಾಗಿದ್ದಾರೆ.

ಪೊಲೀಸ್ ಸ್ಟೇಷನ್ ಎಂದೆ. ಮೊದಲು ಹೊನ್ನಾಳಿ ಎಂದಳು ಅಮ್ಮ. ಕಾಡಿಗೆ ಡಬ್ಬಿ, ನಾಲ್ಕು ವೀಳ್ಯದೆಲೆ ಸೆರಗಿಗೆ ಕಟ್ಟಿಕೊಂಡು ಕಾರು ಹತ್ತಿದಳು. ಹೊನ್ನಾಳಿ ತಲುಪಿದಾಗ ಮಾತ್ರ ಇಳಿಯಲಿಲ್ಲ. ಆಣೆ ಆಣೆಯೇ. ದೊಡ್ಡಮ್ಮನೇ ಅಂಗಳಕ್ಕೆ ಬಂದಳು, ಕೈಯಲ್ಲಿ ಕಾಯಿ ಹಿಡಿದುಕೊಂಡೇ.

'ಅಮಾಸೆ ದಿನಾನೇ ನೋಡಿದ್ದೆ ಕಣಪ್ಪಾ. ಜುಟ್ಟು ಮೂಡ್ಲಾಕೆ ತಿರುಗ್ತು. ಮೂಡ್ಲಾಕೆ ಅಂದ್ರೆ ಚನ್ನಗಿರಿ. ಇನ್ನೇನು ನೋಡದು?'

'ಮೂಡಲ ದಿಕ್ಕಿಗೆ ಚನ್ನಗಿರಿ ಒಂದೇ ಇರೋದಾ ದೊಡ್ಡಮ್ಮಾ?'

'ನನಗೆ ಸಿಟ್ಟಿದ್ದಿದ್ದು ಚನ್ನಗಿರಿ ಮ್ಯಾಲೆ. ಬ್ಯಾರೆ ಊರು ಯಾಕೆ ಹೊಳೀತೈತೆ?'

ಹೇಳಿ, ಕಾಯಿಯನ್ನು ಮತ್ತೆ ಅಂಗೈ ಮೇಲೆ ಮಲಗಿಸಿಕೊಂಡಳು. ನಾನು ಹೇಳಿದ ಮಳೆ, ತಿರುಗಿದ ಕಾಯಿ ಎಲ್ಲ ಇಲ್ಲಿಯದೇ. ಪೂರ್ವಕ್ಕೇ ತಿರುಗಿತು ಎನ್ನುತ್ತದೆ ನನ್ನ ನೆನಪು.

'ಸ್ಟೇಷನ್ನಿಗೆ ಹೋಗೋಣ' ಎಂದೆ ಮತ್ತೊಮ್ಮೆ.

'ಹೋಗಿ ಏನಂತ ಬರೆಸ್ತೀಯಾ?' ಎಂದಳು ದೊಡ್ಡಮ್ಮ. 'ಹೆಣ್ಮಕ್ಳು ಇಬ್ರೂ ಮಾತಾಡಲ್ಲ, ಅದಕ್ಕೇ ತಾಯಿ ಕಳದೋದ್ಲು ಅಂತಾನಾ? ಹೊತ್ತು ಮುಳುಗಾಗಂಟ ನೋಡಾನ. ಸಿಗದಿದ್ರೆ ನಾನೇ ಬರ್ತೀನಿ ನಡಿ, ಮರ್ಯಾದಿ ಹೋದ್ರೆ ಹೋಗ್ಲಿ.'

ಅಜ್ಜಿಯ ತಮ್ಮ, ನನಗೆ ತಾತ, ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿದ್ದಾನೆ. ಕಾಯಿ ತೋರಿದ ದಿಕ್ಕು ಅದಲ್ಲದಿದ್ದರೂ ಮೊದಲು ಅಲ್ಲಿ ಕೇಳೋಣವೆಂದು ಹೊರಟೆವು. ಅಮ್ಮ ಮುಂದಿನ ಸೀಟಿನಲ್ಲಿ, ದೊಡ್ಡಮ್ಮ ಹಿಂದೆ. ಕಿಟಕಿಯ ಗಾಜಿನ ವಿಷಯವೂ ನನ್ನ ಮೂಲಕವೇ ನಡೆಯಿತು.

'ಮುಂದೆ ಕುಂತೋರಿಗೆ ಗಾಜು ಏರ್ಸಾಕೆ ಹೇಳಪ್ಪಾ. ಧೂಳು ಬರ್ತೈತೆ.'

'ಹಿಂದೆ ಕುಂತೋರಿಗೆ ಸೆಕೆ ಆಗಲ್ವಂತಾ ಕೇಳು.'

'ಎಮ್ಮೆ ಕಳ್ಳರು ಅಂದಾಗ ಆದಷ್ಟು ಸೆಕೆ ಇಲ್ಲ ಅಂತ ಹೇಳು.'

 ನಾನು ದಾಟಿಸುವ ಅಗತ್ಯವೇ ಇರಲಿಲ್ಲ. ಇಬ್ಬರೂ ಗಟ್ಟಿಯಾಗಿಯೇ ಆಡುತ್ತಿದ್ದರು.

ತಾತನ ಮನೆಯಲ್ಲಿ ಅಜ್ಜಿ ಇರಲಿಲ್ಲ. ಸೂರಗೊಂಡನಕೊಪ್ಪದ ಜಾತ್ರೆಯ ಹೊತ್ತಿಗೆ ಬಂದು ಹೋದವಳು ಮತ್ತೆ ಬಂದಿಲ್ಲ ಎಂದ ತಾತ. ದೊಡ್ಡಮ್ಮ ಜಗಲಿಯ ಮೇಲೆ ಕುಸಿದು ಕೂತಳು. ದಿನವಿಡೀ ನಾಲಗೆ ಹರಿಯಬಿಟ್ಟಿದ್ದವಳು ಮಾತಿಲ್ಲದೆ ಕೂತದ್ದನ್ನು ನೋಡಿ ನನಗೆ ಮೊದಲ ಬಾರಿ ಭಯವಾಯಿತು. ಆಗ ಇಬ್ಬರಲ್ಲಿ ಒಬ್ಬರು ಮೊದಲು ಮಾತಾಡಿದರು. ಯಾರೆಂಬುದು ಇನ್ನೂ ಜಗಳದ ವಿಷಯ. ಅಮ್ಮನ ಪ್ರಕಾರ ದೊಡ್ಡಮ್ಮ, 'ಸರಿಯಾಗಿ ಒಂದ್ಸಲ ನೋಡೇ' ಎಂದಳು. ದೊಡ್ಡಮ್ಮನ ಪ್ರಕಾರ ಅಮ್ಮ, 'ನೋಡ್ಲೇನೇ ಅಕ್ಕಾ?' ಎಂದಳು. ನನ್ನ ಕಿವಿಯಲ್ಲಿ ಎರಡು ಮಾತೂ ಕೇಳಿಸುತ್ತವೆ.

ತಾತ ದೀಪ ಹಚ್ಚಿಕೊಟ್ಟ. ಅಮ್ಮ ಎಲೆಗೆ ಕಾಡಿಗೆ ಸವರಿ ಕಣ್ಣು ನೆಟ್ಟಳು. ನನಗೆ ಕಂಡದ್ದು ಕಪ್ಪು ಮಸಿ ಮತ್ತು ಬಾಗಿಲಿನ ಬೆಳಕು.

'ಅದೇ ಮಂಚ,' ಎಂದಳು ಅಮ್ಮ. 'ಅವ್ವ ಕುಂತಾಳೆ. ಯಾರೋ ತಲೆಗೆ ಎಣ್ಣೆ ಹಚ್ಚುತಾರೆ. ಇಬ್ರೂ ನಗ್ತಾರೆ.'

'ಯಾರು ಹಚ್ಚೋರು?' ಎಂದಳು ದೊಡ್ಡಮ್ಮ.

'ಗೊತ್ತಿಲ್ಲ. ಮುದುಕಿ. ಉದ್ದನೆ ಮುಖ.'

'ಬಿಡಬ್ಯಾಡ, ನೋಡು. ಗಲ್ಲದ ಮ್ಯಾಲೆ ಏನಾರ ಐತಾ?'

'ಐತೆ. ಹಚ್ಚೆ. ಮೂರು ಬೊಟ್ಟು, ಹಸ್ರುದು.'

ದೊಡ್ಡಮ್ಮ ಎದ್ದು ನಿಂತಳು. 'ಜಗಳೂರು! ಅವ್ವನ ಗೆಣೆಕಾತಿ ಕಣೇ ಅದು! ನೀನಿನ್ನೂ ಹುಟ್ಟಿರ್ಲಿಲ್ಲ. ನನ್ನ ಎತ್ಕಂಡು ಹೋಗಿದ್ಲು ಅವ್ವ, ಆ ಹಚ್ಚೆ ಅಳಿಸಾಕೆ ಅಂತ ಉಗುರಲ್ಲಿ ಗೀರಿದ್ದೆ ನಾನು!'

ಕಂಡವಳಿಗೆ ಗುರುತಿಲ್ಲ, ಗುರುತಿದ್ದವಳಿಗೆ ಕಾಣದು. ಇಬ್ಬರೂ ಒಂದೇ ಜಗಲಿಯ ಮೇಲೆ ಕೂರದಿದ್ದರೆ ಆ ಹಚ್ಚೆ ಎಲೆಯೊಳಗೇ ಉಳಿಯುತ್ತಿತ್ತು. ಈಗ ನನ್ನೊಳಗಿನ ಸಂಶಯಗಾರ ಹೇಳುತ್ತಾನೆ: ಅಜ್ಜಿ ಆ ಗೆಳತಿಯ ಕಥೆಯನ್ನು ಅಮ್ಮನಿಗೆ ಎಂದೋ ಹೇಳಿರಬಹುದು, ಹಚ್ಚೆ ಅಲ್ಲಿಂದ ಬಂದಿರಬಹುದು. ಇರಬಹುದು. ಆ ಹೊತ್ತಿನಲ್ಲಿ ಮಾತ್ರ ಸಂಶಯಗಾರನೇ ಮೊದಲು ಓಡಿ ಕಾರಿನ ಬಾಗಿಲು ತೆಗೆದ.

ತಾತನಿಗೆ ಆ ಮನೆ ಇರುವ ಹಳ್ಳಿ ಗೊತ್ತಿತ್ತು, ಫೋನ್ ನಂಬರು ಗೊತ್ತಿರಲಿಲ್ಲ. ದಾರಿ ಹೇಳಿ ಕಳಿಸಿದ. ಹೊನ್ನಾಳಿ ದಾಟಿ, ದಾವಣಗೆರೆ ದಾಟಿ, ಜಗಳೂರಿನ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಅಮ್ಮ ಈಗ ಹಿಂದಿನ ಸೀಟಿನಲ್ಲಿದ್ದಳು. ನಡುವೆ ಒಮ್ಮೆ, 'ಆ ಹಗ್ಗ ನಿಮ್ಮ ಭಾವಂದೇ' ಎಂದದ್ದು ಕೇಳಿಸಿತು. 'ನಿನ್ನ ತಲೆ' ಎಂದಳು ದೊಡ್ಡಮ್ಮ. 

ಬೇವಿನ ಮರದ ಕೆಳಗೆ ಮಂಚ. ಮಂಚದ ಮೇಲೆ ಅಜ್ಜಿ, ಎಣ್ಣೆ ಹಚ್ಚಿದ ತಲೆ ಮಿರಿಮಿರಿ. ಪಕ್ಕದಲ್ಲಿ ಉದ್ದನೆಯ ಮುಖದ ಮುದುಕಿ, ಗಲ್ಲದ ಮೇಲೆ ಹಸಿರು ಹಚ್ಚೆ.

ಅಮ್ಮ ಅಳುತ್ತಾ ಓಡಿದಳು, ದೊಡ್ಡಮ್ಮ ಬೈಯುತ್ತಾ ಓಡಿದಳು. ಅಜ್ಜಿ ಇಬ್ಬರನ್ನೂ ಒಂದೇ ತೋಳಿನಲ್ಲಿ ತಬ್ಬಿಕೊಂಡು ನನ್ನ ಕಡೆ ಕಣ್ಣು ಮಿಟುಕಿಸಿದಳು. ಮಿಟುಕಿಸಿದ್ದು ನಿಜ ಎಂದೇ ಅಂದುಕೊಂಡಿದ್ದೇನೆ.

'ಹೇಳದಂಗೆ ಬರ್ತಾರೇನವ್ವಾ?' ಎಂದಳು ದೊಡ್ಡಮ್ಮ.

'ಯಾರಿಗೆ ಹೇಳ್ಲೇ? ಜಗಳೂರಿಗೆ ಹೋಗಬೇಕು ಅಂದ್ರೆ ಇವಳು, ಅಕ್ಕನ ಪಾಳೀಲಿ ಹೋಗು ಅಂತಾಳೆ. ನೀನು, ನನ್ನ ಪಾಳಿ ಯಾಕೆ ಕಳೀತೀಯಾ, ತಂಗಿ ಪಾಳೀಲಿ ಹೋಗು ಅಂತೀಯಾ. ನನ್ನ ಪಾಳಿ ಯಾವಾಗ ಬರದು? ಹೊನ್ನಾಳೀಲಿ ಇಳಿದೆ, ಎದುರಿಗೇ ದಾವಣಗೆರೆ ಬಸ್ಸು ನಿಂತಿತ್ತು. ಆಧಾರ್ ಕಾರ್ಡ್ ತೋರ್ಸಿದೆ, ಹತ್ತಿದೆ. ಹೆಣ್ಮಕ್ಳಿಗೆ ಫ್ರೀ ಅಲ್ವೇನೇ?'

'ನಾವು ಎಷ್ಟು ಹೆದರಿದ್ವಿ ಗೊತ್ತಾ?'

'ಒಂದು ವಾರ ಆದ ಮ್ಯಾಲೆ ಹೆದರಿದ್ರಿ! ಎಲೆ ಕೇಳಿದ್ರಿ, ಕಾಯಿ ಕೇಳಿದ್ರಿ. ಒಬ್ಬರನ್ನೊಬ್ರು ಕೇಳಾಕೆ ಬಾಯಿ ಇರ್ಲಿಲ್ವಾ? ಏಳ್ರಿ, ಕೈಕಾಲು ತೊಳೀರಿ. ಹೋಳಿಗೆ ಆರ್ತಾವೆ.'

ಒಳಗೆ ನಿಜಕ್ಕೂ ಹೋಳಿಗೆ ಇತ್ತು. ಇಬ್ಬರು ಮುದುಕಿಯರು ತಿನ್ನುವಷ್ಟಲ್ಲ, ಬುಟ್ಟಿ ತುಂಬ.

'ಇಷ್ಟೊಂದು ಯಾಕೆ ಮಾಡಿದ್ರಿ ಅಜ್ಜೀ?' ಎಂದೆ.

ಹಚ್ಚೆಯ ಅಜ್ಜಿ ಗಲ್ಲ ಎತ್ತಿ ನಮ್ಮಜ್ಜಿಯ ಕಡೆ ತೋರಿಸಿದಳು. 'ಇವಳೇ. ಇವತ್ತು ನನ್ನ ಹೆಣ್ಮಕ್ಳಿಬ್ರೂ ಒಟ್ಟಿಗೆ ಬರ್ತಾರೆ, ಬ್ಯಾಳಿ ಬೇಯಾಕೆ ಇಡು ಅಂತ ಎದ್ದ ಕೂಡ್ಲೇ ಸುರು ಮಾಡಿದ್ಲು.'

ನಾನು ನಕ್ಕೆ. ತಾತ ಹೇಗೋ ನಂಬರು ಹುಡುಕಿ ಮಧ್ಯಾಹ್ನ ಫೋನು ಮಾಡಿದ್ದಾನೆ, ಆಮೇಲೆ ಬೇಳೆ ಬೇಯಿಸಿದ್ದಾರೆ, ಈಗ ಮುದುಕಿಯರಿಬ್ಬರೂ ಸೇರಿ ನನ್ನನ್ನು ಆಟವಾಡಿಸುತ್ತಿದ್ದಾರೆ ಎಂದು ಲೆಕ್ಕ ಹಾಕಿ, ಹೋಳಿಗೆಗೆ ತುಪ್ಪ ಸುರಿದುಕೊಂಡೆ.

ಈಗ ಅಜ್ಜಿಗೆ ಮೂರು ಪಾಳಿ: ಚನ್ನಗಿರಿ, ಹೊನ್ನಾಳಿ, ಜಗಳೂರು. ಅಮ್ಮ ಮತ್ತು ದೊಡ್ಡಮ್ಮ ದಿನವೂ ಫೋನಿನಲ್ಲಿ ಮಾತಾಡುತ್ತಾರೆ, ಹೆಚ್ಚಾಗಿ ಎಮ್ಮೆಯ ಹಗ್ಗದ ಬಗ್ಗೆ. ಜಗಳ ನೇರವಾಗಿ ನಡೆಯುವುದರಿಂದ ನನಗೆ ಕೆಲಸ ತಪ್ಪಿದೆ.

ಮೊನ್ನೆ ಅಜ್ಜಿಯನ್ನು ಜಗಳೂರಿನ ಪಾಳಿಗೆ ಬಿಡಲು ಹೋದಾಗ, ಮುದುಕಿಯರು ಮಂಚದ ಮೇಲೆ ಹರಟುತ್ತಿದ್ದ ಹೊತ್ತು ನೋಡಿ ಪಕ್ಕದ ಮನೆಗೆ ಹೋದೆ. ಆ ಮನೆಯಾಕೆಗೆ ನನ್ನ ಪರಿಚಯವೂ ಇಲ್ಲ, ನನ್ನನ್ನು ಆಟವಾಡಿಸುವ ಕಾರಣವೂ ಇಲ್ಲ. ನಾವು ಮೊದಲ ಸಲ ಕಾರಿನಲ್ಲಿ ಬಂದ ಭಾನುವಾರದ ಬಗ್ಗೆ ಕೇಳಿದೆ. ಆಕೆಗೆ ಚೆನ್ನಾಗಿ ನೆನಪಿತ್ತು. ಅಂದು ನಮ್ಮಜ್ಜಿ ಹೋಳಿಗೆಗೆಂದು ಆಕೆಯಿಂದ ಒಂದು ಅಚ್ಚು ಬೆಲ್ಲ ಇಸಿದುಕೊಂಡು ಹೋಗಿದ್ದಳು. ಯಾವ ಹೊತ್ತಿನಲ್ಲಿ ಎಂದು ಕೇಳಿದೆ, ಎರಡು ಸಲ ಕೇಳಿದೆ. ಇನ್ನೂ ಬಾಗಿಲಿಗೆ ನೀರು ಹಾಕುತ್ತಿದ್ದೆ, ಹಾಲಿನವನೂ ಬಂದಿರಲಿಲ್ಲ ಎಂದಳು ಆಕೆ. ಆ ಹೊತ್ತಿಗೆ ನಾನು ದಾವಣಗೆರೆಯಲ್ಲಿ ಹಾಸಿಗೆ ಬಿಟ್ಟೂ ಎದ್ದಿರಲಿಲ್ಲ.