ಐದಕ್ಕೆ ಎದ್ದ ವಸುಂಧರಾ

ಆಕ್ಲೆಂಡಿನ ಪಾಪಟೋಟೊಯಿ ಬಡಾವಣೆಯ ನನ್ನ ದಿನಸಿ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟನ್ನು ಮೂಸಿ, ಮುಖ ಸಿಂಡರಿಸಿ, ಕೊನೆಗೆ ಅದನ್ನೇ ಕೊಳ್ಳುವವರು ಒಬ್ಬರೇ: ಹುಬ್ಬಳ್ಳಿಯ ವಸುಂಧರಾ. ಓದಲೆಂದು ಇಲ್ಲಿಗೆ ಬಂದು, ಮದುವೆಯಾಗಿ, ಈಸ್ಟ್ ತಮಾಕಿಯ ಒಂದು ಸಾಗಣೆ ಕಂಪನಿಯಲ್ಲಿ ಅಕೌಂಟೆಂಟ್ ಆದವರು. ಈಗ ಅಕ್ಕಪಕ್ಕದ ಆಫೀಸಿನವರೂ ಯೂನಿಯನ್ ಕಟ್ಟಬೇಕೆಂದರೆ ಅವರನ್ನೇ ಕರೆಯುತ್ತಾರೆ. ಆದರೆ 2014ರಲ್ಲಿ ಅವರು ಮೊದಲ ಬಾರಿಗೆ ಆ ಮಾತೆತ್ತಿದಾಗ ನನಗೆ ಅವರ ಮಾಲೀಕನ ಮೇಲೆಯೇ ಕನಿಕರ ಬಂದಿತ್ತು. ಅವರ ಚೌಕಾಸಿಯ ರುಚಿ ನನಗೆ ಗೊತ್ತಲ್ಲ!

ಕಾರಣ ಮಗಳು ಮಾನ್ಯ. ಗುರುವಾರ ಸಂಜೆ ಅವಳ ನೆಟ್‌ಬಾಲ್ ಪಂದ್ಯ. ಆ ವರ್ಷ ತಾಯಿ ಒಂದನ್ನೂ ನೋಡಿರಲಿಲ್ಲ. ಕಂಪನಿಯ ಗೋದಾಮಿನವರಿಗೆ ಯೂನಿಯನ್ ಇತ್ತು, ಸಂಜೆ ಐದಕ್ಕೆ ತಮ್ಮ ಯೂಟ್, ಅಂದರೆ ಪಿಕಪ್ ಗಾಡಿ, ಹತ್ತಿ ಹೊರಟುಬಿಡುತ್ತಿದ್ದರು. ಮೇಲಿನ ಆಫೀಸಿನಲ್ಲಿ ನಮ್ಮವರೇ ಹೆಚ್ಚು. ಬಾಸ್ ಕೋಣೆಯ ದೀಪ ಆರುವವರೆಗೆ ಯಾರೂ ಕುರ್ಚಿ ಬಿಡರು. ಊರಿನಿಂದ ತಂದ ಮರ್ಯಾದೆ. ವಿಮಾನದವರು ಅದನ್ನು ತೂಕಕ್ಕೆ ಹಾಕುವುದಿಲ್ಲ.

“ಯೂನಿಯನ್ನೆಲ್ಲ ಲೇಬರ್‌ನವ್ರಿಗಮ್ಮ. ನಾವು ಟೈ ಕಟ್ಟೋರು,” ಎಂದರಂತೆ ಹಿರಿಯ ಅಕೌಂಟೆಂಟ್, ಮೈಸೂರಿನ ವಾಸುದೇವ್.

“ಟೈ ಕಟ್ಕೊಂಡು ಏಳರ ತನಕ ಕ್ರಿಕೆಟ್ ಸ್ಕೋರ್ ನೋಡ್ತೀರಲ್ರೀ ಅಂಕಲ್? ಅದನ್ನ ಮನ್ಯಾಗ ನೋಡ್ರಿ.”

ವಾಸುದೇವ್ ಮೊದಲ ಸದಸ್ಯರಾದರು. ಉಳಿದವರು ನನ್ನ ಬೇಳೆ ಮೂಟೆಗಳ ನಡುವೆ ನಿಂತು, ಅಂಜುತ್ತಲೇ ಸೇರಿದರು. ಜಾಗಕ್ಕೆ ಬಾಡಿಗೆ ಕೇಳಲಿಲ್ಲ. ಚಹಾ ಮಾತ್ರ ಮಾರಿದೆ.

ಒಂದು ಗುರುವಾರ ವಸುಂಧರಾ ಬಾಸ್ ಗ್ರೇಮ್‌ನ ಕೋಣೆಗೆ ಹೋಗಿ, “ಇವತ್ತಿನಿಂದ ನಾವೂ ಐದಕ್ಕೆ ಹೊರಡುತ್ತೇವೆ” ಎಂದರು.

ಗ್ರೇಮ್ ಎದ್ದೇ ನಿಂತ. “ಅಬ್ಬ! ಬಾಗಿಲಿನ ಬೀಗ ಹಾಕೋನು ನಾನು. ನೀವು ಯಾವಾಗ ಏಳ್ತೀರೋ ಅಂತ ದಿನಾ ಕಾಯ್ತಿದ್ದೆ. ಮನೇಲಿ ಹೆಂಡ್ತಿ ಬೈಗುಳ ಬೇರೆ!” ಇಂಗ್ಲಿಷಿನಲ್ಲಿ ಅವನು ಹೇಳಿದ್ದರ ಸಾರ ಇದು.

ಜಗಳಕ್ಕೆ ಸಜ್ಜಾಗಿದ್ದ ಯೂನಿಯನ್ನಿಗೆ ಜಗಳವೇ ಸಿಗಲಿಲ್ಲ. ಐದಕ್ಕೆ ಎದ್ದರು ಸರಿ, ಹೋಗುವುದೆಲ್ಲಿಗೆ? ಅಷ್ಟು ಬೇಗ ಮನೆ ಸೇರಿ ಅಭ್ಯಾಸವಿಲ್ಲ. ಮಗಳ ಪಂದ್ಯಕ್ಕೆ ಹೊರಟ ನಾಯಕಿಯ ಕಾರಿನ ಹಿಂದೆಯೇ ಎಲ್ಲರೂ ಹೊರಟರು. ದಾರಿಯಲ್ಲಿ ನನ್ನಲ್ಲಿ ಗಿರ್ಮಿಟ್ ಕಟ್ಟಿಸಿಕೊಂಡರು. ಗಿರಾಕಿಗಳೆಲ್ಲ ಅತ್ತ ಹೋದ ಮೇಲೆ ಅಂಗಡಿಯಲ್ಲಿ ನನಗೇನು ಕೆಲಸ? ನಾನೂ ಬಾಗಿಲು ಹಾಕಿದೆ.

ಮಾನ್ಯ ಚೆಂಡು ಹಿಡಿದಾಗಲೆಲ್ಲ ವಾಸುದೇವ್ ಟೈ ಬಿಚ್ಚಿ ಬೀಸಿದರು. ವಸುಂಧರಾ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಆಟದ ನಿಯಮ ಯಾರಿಗೂ ಗೊತ್ತಿಲ್ಲದ್ದರಿಂದ ಎದುರು ತಂಡದ ಗೋಲಿಗೂ ನಮ್ಮ ಚಪ್ಪಾಳೆ ಬಿತ್ತು.

ಬಿಡುವಿನಲ್ಲಿ ಮಾನ್ಯ ಓಡಿ ಬಂದಳು. “ಮಮ್, ಹೂ ಆರ್ ದೀಸ್ ಅಂಕಲ್ಸ್?”

“ನಮ್ ಯೂನಿಯನ್ನವರವ್ವಾ.”

“ಕ್ಯಾನ್ ದೇ ಕಮ್ ಎವ್ರಿ ವೀಕ್?”

ಮಾನ್ಯಳ ತಂಡ ಸೋತಿತ್ತಂತೆ. ನಮ್ಮ ಕುಣಿತ ನಿಂತ ಮೇಲೆ ಯಾರೋ ಹೇಳಿದರು.